ಫುಟ್‌ಬಾಲ್ ಆಟಗಾರನಿಗೆ ಓದಿನ ಪ್ರಶಸ್ತಿಯೇ?

ಪ್ರಶ್ನೆ: ನನ್ನ ಮಗ ಮೈಸೂರಿನ ಕಾಲೇಜೊಂದರಲ್ಲಿ ಎರಡನೆಯ ವರ್ಷದ ಬಿ.ಎಸ್ಸಿ. ಓದುತ್ತಿದ್ದು, ಕಾಲೇಜಿನ ಫುಟ್‌ಬಾಲ್ ತಂಡದಲ್ಲಿಯೂ ಆಡುತ್ತಾನೆ. ಓದು ಮತ್ತು ಆಟ ಎರಡರಲ್ಲಿಯೂ ಮುಂದಿರುವ ಕಾಲೇಜು ಫುಟ್‌ಬಾಲ್ ಆಟಗಾರರಿಗೆ ಅಮೆರಿಕದಲ್ಲಿ ಪ್ರತ್ಯೇಕ ಗೌರವಗಳಿವೆಯೆಂದು ವಾದಿಸುತ್ತಾನೆ. ಕಳೆದ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿಸಿಕೊಂಡವನ ಮಾತನ್ನು ನಂಬುವುದು ಹೇಗೆ? ಅಂಥ ಗೌರವಗಳು ನಿಜವಾಗಿ ಇವೆಯೇ, ಅವುಗಳಿಗೆ ಆಯ್ಕೆ ಹೇಗೆ?
ಓದುಗರೊಬ್ಬರು, ಮದ್ದೂರು

ಉತ್ತರ: ತಮ್ಮ ಮಗ ಹೇಳಿದ್ದು ನಿಜ. ಆದರೆ ಅಲ್ಲಿ ಫುಟ್‌ಬಾಲ್ ಎಂದರೆ ಅವನು ಆಡುವ ಆಟವಲ್ಲ. ಅದನ್ನು ಅವರು ಸಾಕರ್ ಎನ್ನುತ್ತಾರೆ. ಅವರ ಫುಟ್‌ಬಾಲಿನಲ್ಲಿ ಎರಡೂ ತುದಿ ಚೂಪಾದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಹೆಲ್ಮೆಟ್ಟು, ಭುಜದ ಪ್ಯಾಡು ತೊಟ್ಟ ಹನ್ನೊಂದು ಮಂದಿ ಎದುರಿನ ಹನ್ನೊಂದು ಮಂದಿಯ ಮೇಲೆ ಮೈಭಾರವನ್ನೆಲ್ಲ ಹಾಕಿ ಬೀಳುತ್ತಾರೆ. ಕಾಲಿಗೆ ಅಷ್ಟಾಗಿ ಕೆಲಸವಿಲ್ಲದ ಆಟಕ್ಕೆ ಆ ಹೆಸರೇಕೆ ಎಂಬುದು ಬೇರೆ ಪ್ರಶ್ನೆ.

ಗೌರವಗಳಲ್ಲಿ ಎರಡು ಮುಖ್ಯವಾದವು. 1952ರಲ್ಲಿ ಆರಂಭವಾದ ‘ಅಕಾಡೆಮಿಕ್ ಆಲ್-ಅಮೆರಿಕ’ ಆಯ್ಕೆಯನ್ನು ವಿಶ್ವವಿದ್ಯಾಲಯಗಳ ಕ್ರೀಡಾ ಮಾಹಿತಿ ಅಧಿಕಾರಿಗಳ ಸಂಘಟನೆ ನಡೆಸುತ್ತದೆ. ಇದು ಈಗ ಸಾಕರ್ ಸೇರಿದಂತೆ ಹಲವು ಆಟಗಳಿಗಿದೆ, ಆದ್ದರಿಂದ ತಮ್ಮ ಮಗನ ಆಟವೂ ಅದರೊಳಗೆ ಬರುತ್ತದೆ. ಎರಡನೆಯದು ಫುಟ್‌ಬಾಲಿಗೇ ಮೀಸಲಾದ, 1990ರಿಂದ ವರ್ಷಕ್ಕೊಬ್ಬರಿಗೆ ಕೊಡುವ ಪ್ರಶಸ್ತಿ. ಮೊದಲು ಡ್ರ್ಯಾಡಿ ಟ್ರೋಫಿ ಎನಿಸಿಕೊಂಡಿದ್ದ ಇದಕ್ಕೆ 2009ರಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ತಂಡದ ನಾಯಕನೂ ತರಬೇತುದಾರನೂ ಆಗಿದ್ದು ಮುಂದೆ ಸಿಲಿಕಾನ್ ಕಣಿವೆಯ ಉದ್ಯಮಿಗಳಿಗೆ ಮಾರ್ಗದರ್ಶಕನಾದ ವಿಲಿಯಂ ಕ್ಯಾಂಪ್‌ಬೆಲ್ ಅವರ ಹೆಸರಿಟ್ಟರು. ನಾಲ್ಕಕ್ಕೆ ಕನಿಷ್ಠ 3.2ರ ಗ್ರೇಡ್ ಸರಾಸರಿ, ಆಟದಲ್ಲಿ ಉನ್ನತ ಸಾಧನೆ, ನಾಯಕತ್ವ, ಇವೆಲ್ಲ ಒಬ್ಬನಲ್ಲೇ ಇರಬೇಕು. ಗ್ರೇಡ್ ಇಲ್ಲಿ ಹೊಸ್ತಿಲು ಮಾತ್ರ. ಅದನ್ನು ದಾಟದವನನ್ನು ಆಟ ಒಳಗೆ ಬಿಡಿಸುವುದಿಲ್ಲ. ದಾಟಿದವನು ಮೈದಾನದಲ್ಲಿ ಬೆಂಚು ಕಾಯುವವನಾದರೆ ಗ್ರೇಡೂ ಅವನನ್ನು ಕಾಪಾಡುವುದಿಲ್ಲ. 1996ರಲ್ಲಿ ಡ್ಯಾನಿ ವುರ್ಫೆಲ್ ಈ ಪ್ರಶಸ್ತಿಯನ್ನೂ, ವರ್ಷದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಹೈಸ್ಮನ್ ಟ್ರೋಫಿಯನ್ನೂ ಒಟ್ಟಿಗೆ ಪಡೆದಿದ್ದರು.

2013ರಲ್ಲಿ ಇದನ್ನು ಪಡೆದ ಜಾನ್ ಅರ್ಶೆಲ್ ಅವರ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡದಲ್ಲಿ ಅವರದು ಎದುರಾಳಿಯನ್ನು ಎದೆಗೊಟ್ಟು ತಡೆಯುವ ಗಾರ್ಡ್ ಸ್ಥಾನ. ಸುಮಾರು ನೂರ ನಲವತ್ತು ಕಿಲೋ ತೂಕದ ಆಳು. ಅದೇ ಆಳು ಗಣಿತದಲ್ಲಿ ನಾಲ್ಕಕ್ಕೆ ನಾಲ್ಕು ಗ್ರೇಡ್ ಪಡೆದು, ಸ್ನಾತಕೋತ್ತರ ಪದವಿ ಮುಗಿಸಿ, ಇನ್ನೂ ತಂಡದಲ್ಲಿರುವಾಗಲೇ ಕಿರಿಯ ವಿದ್ಯಾರ್ಥಿಗಳಿಗೆ ಗಣಿತ ಪಾಠ ಹೇಳಿದರು. ಬಳಿಕ ಬಾಲ್ಟಿಮೋರ್ ರೇವನ್ಸ್ ತಂಡದ ವೃತ್ತಿ ಆಟಗಾರರಾದರು. 2015ರ ಅಭ್ಯಾಸದ ವೇಳೆ ತಲೆಗೆ ಪೆಟ್ಟು ಬಿದ್ದಾಗ, ಮೇಲ್ಮಟ್ಟದ ಗಣಿತ ಕೆಲಕಾಲ ತಮ್ಮ ಕೈಗೆಟುಕಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. 2017ರ ಜುಲೈಯಲ್ಲಿ ಅಧ್ಯಯನವೊಂದು ಪ್ರಕಟವಾಯಿತು: ಸಂಶೋಧನೆಗೆ ದಾನವಾಗಿ ಬಂದಿದ್ದ 111 ಮಾಜಿ ವೃತ್ತಿ ಆಟಗಾರರ ಮೆದುಳುಗಳಲ್ಲಿ 110ರಲ್ಲಿ ಪದೇಪದೇ ಬಿದ್ದ ಪೆಟ್ಟಿನಿಂದ ಬರುವ ಕಾಯಿಲೆ ಕಂಡುಬಂದಿತ್ತು. ಎರಡೇ ದಿನದಲ್ಲಿ ಅರ್ಶೆಲ್ ನಿವೃತ್ತರಾದರು. ಆಗ ಅವರಿಗೆ 26 ವರ್ಷ. 2021ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಿಂದ ಗಣಿತದ ಡಾಕ್ಟರೇಟ್ ಪಡೆದರು. ಓದಿಗೂ ಆಟಕ್ಕೂ ಒಟ್ಟಿಗೆ ಹಾರ ಹಾಕುವ ಈ ಪ್ರಶಸ್ತಿಯ ಒಳಗೇ ಇರುವ ಇಕ್ಕಟ್ಟನ್ನು ಇವರ ಬದುಕಿನಷ್ಟು ಸ್ಪಷ್ಟವಾಗಿ ತೋರಿಸುವುದು ಮತ್ತೊಂದಿಲ್ಲವೆಂದು ನನಗನ್ನಿಸುತ್ತದೆ.

ಇಂಥವರು ತಾವಾಗಿ ಹುಟ್ಟುತ್ತಾರೆಯೇ? ಪೂರ್ತಿಯಾಗಿ ಅಲ್ಲ. ಅಲ್ಲಿನ ಕಾಲೇಜು ಕ್ರೀಡೆಯನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ, ಆಟದ ಋತುವಿನಲ್ಲಿ ಕಡ್ಡಾಯ ಅಭ್ಯಾಸ ವಾರಕ್ಕೆ 20 ಗಂಟೆ ಮೀರಬಾರದು, ವಾರಕ್ಕೊಂದು ದಿನ ರಜೆ ಕೊಡಬೇಕು. ಮೇಲ್‌ಸ್ತರದ ತಂಡಗಳಲ್ಲಿ ಆಡುವವನು ಎರಡನೆಯ ವರ್ಷದ ಕೊನೆಗೆ ಪದವಿಯ ಶೇಕಡಾ 40, ಮೂರನೆಯ ವರ್ಷಕ್ಕೆ 60, ನಾಲ್ಕನೆಯದಕ್ಕೆ 80ರಷ್ಟು ಪಾಠ ಮುಗಿಸಿರಬೇಕು. ಹಿಂದೆ ಬಿದ್ದವನಿಗೆ ಮೈದಾನಕ್ಕೆ ಪ್ರವೇಶವಿಲ್ಲ. ಎರಡು ವಿಷಯ ಉಳಿಸಿಕೊಂಡ ತಮ್ಮ ಮಗನಿಗೆ ಈ ಲೆಕ್ಕವನ್ನೂ ತಿಳಿಸಿ. ಹಾಗೆಂದು ಅಲ್ಲಿ ಎಲ್ಲವೂ ನೆಟ್ಟಗಿದೆಯೆಂದು ಭಾವಿಸಬೇಕಾಗಿಲ್ಲ. ‘ಸ್ವಇಚ್ಛೆಯ ಅಭ್ಯಾಸ’ ಎಂಬ ಹೆಸರಿನಲ್ಲಿ ಆ 20 ಗಂಟೆ ಹಿಗ್ಗುತ್ತದೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 18 ವರ್ಷ ಕಾಲ ಹೆಸರಿಗಷ್ಟೇ ಇದ್ದ ತರಗತಿಗಳಲ್ಲಿ 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು ಸುಲಭವಾಗಿ ಗ್ರೇಡ್ ಪಡೆದಿದ್ದರೆಂದು, ಅವರಲ್ಲಿ ಅರ್ಧದ ಹತ್ತಿರ ಮಂದಿ ಕ್ರೀಡಾಪಟುಗಳೆಂದು 2014ರ ತನಿಖಾ ವರದಿ ಬಯಲು ಮಾಡಿತು. ಹೊಸ್ತಿಲನ್ನು ಎತ್ತರಿಸಿದಲ್ಲೆಲ್ಲ ಕಿಟಕಿಯಿಂದ ನುಗ್ಗುವವರೂ ಇದ್ದೇ ಇರುತ್ತಾರೆ.

ಪ್ರಶ್ನೆ: ನಮ್ಮಲ್ಲಿ ಅಂಥ ಆಟಗಾರರೇ ಇಲ್ಲವೇ? ಇದ್ದರೆ ನಮ್ಮ ಕಾಲೇಜುಗಳು ಏನು ಮಾಡಬಹುದು?
ಓದುಗರೊಬ್ಬರು, ಸರಸ್ವತಿಪುರಂ, ಮೈಸೂರು

ಉತ್ತರ: ಇದ್ದಾರೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಫುಟ್‌ಬಾಲ್ ತಂಡದ ನಾಯಕರಾಗಿದ್ದ ನಾಗಾಲ್ಯಾಂಡಿನ ಟಿ. ಆವ್ ಆಗ ಕೋಲ್ಕತ್ತದಲ್ಲಿ ವೈದ್ಯಕೀಯ ವಿದ್ಯಾರ್ಥಿ. ಬರಿಗಾಲಿನ ಆಟಗಾರರೇ ಹೆಚ್ಚಿದ್ದ ಆ ತಂಡ ಫ್ರಾನ್ಸಿಗೆ 2-1ರಲ್ಲಿ ಸೋತಿತು, ನಾಯಕರು ಎರಡು ವರ್ಷದಲ್ಲಿ ಡಾಕ್ಟರಾದರು. ಮೈಸೂರಿನಲ್ಲೇ ಹುಡುಕುವುದಾದರೆ ಕ್ರಿಕೆಟ್ಟಿನತ್ತ ತಿರುಗಬೇಕು. ಇಲ್ಲಿನ ಎನ್‌ಐಇ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಪದಾರ್ಪಣೆ ಮಾಡಿ, ವೆಸ್ಟ್ ಇಂಡೀಸ್ ಪ್ರವಾಸದ ನಂತರ ಎಂಜಿನಿಯರಿಂಗ್ ಪದವಿಗಾಗಿ ಟೆಸ್ಟ್ ಆಟವನ್ನು ಬದಿಗಿಟ್ಟು, 1967ರಲ್ಲಿ ಮರಳಿ ಬಂದರು. ಜಾವಗಲ್ ಶ್ರೀನಾಥ್ ಇಲ್ಲಿನದೇ ಎಸ್‌ಜೆಸಿಇ ಕಾಲೇಜಿನಲ್ಲಿ ಓದಿದ ಎಂಜಿನಿಯರ್.

ಕಾಲೇಜುಗಳ ವಿಚಾರಕ್ಕೆ ಬಂದರೆ, ಮೊನ್ನೆ ಸಂಜೆ ನಮ್ಮ ಮೈದಾನವೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಗೋಲ್‌ಕಂಬದ ಬುಡದಲ್ಲಿ, ಕಳಚಿಟ್ಟ ಚಪ್ಪಲಿಗಳ ನಡುವೆ, ಖಾಕಿ ಕಾಗದದ ಹೊದಿಕೆಯ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕವೊಂದಿತ್ತು. ಆಟ ಮುಗಿದ ಮೇಲೆ ಅದರ ಒಡೆಯ, ಮಂಡಿಯ ಮಣ್ಣನ್ನೂ ಒರೆಸಿಕೊಳ್ಳದೆ, ಬೀದಿದೀಪದ ಕೆಳಗೆ ಕುಳಿತು ಗೆಳೆಯನ ಪುಸ್ತಕದಿಂದ ಟೈಟ್ರೇಷನ್ನಿನ ಅಂಕಿಗಳನ್ನು ಇಳಿಸಿಕೊಳ್ಳುತ್ತಿದ್ದ. ಪ್ರಯೋಗದ ದಿನ ತಾನು ಪಂದ್ಯಕ್ಕೆ ಹೋಗಿದ್ದೆನೆಂದೂ, ಹಾಜರಾತಿ ಸಿಕ್ಕಿತೆಂದೂ ಹೇಳಿದ. ಪ್ರಯೋಗವನ್ನು ಮತ್ತೆ ಮಾಡಿಸಿದರೇ ಎಂದು ಕೇಳಿದ್ದಕ್ಕೆ ನಕ್ಕ.

ತಂಡದ ಪರವಾಗಿ ಆಡುವವರಿಗೆ ನಮ್ಮಲ್ಲಿ ಹಾಜರಾತಿಯ ರಿಯಾಯಿತಿ ಸಿಗುತ್ತದೆ, ಆದರೆ ತಪ್ಪಿದ ಪಾಠ ಅದರಿಂದ ಬರುವುದಿಲ್ಲ. ಪ್ರಶಸ್ತಿಯನ್ನು ನಾಳೆಯೇ ಸ್ಥಾಪಿಸಬಹುದು. ಒಂದು ಫಲಕ, ಒಂದು ಶಾಲು, ಒಂದು ಹಾರ ಸಾಕು. ಅದಕ್ಕಿಂತ ಮೊದಲು, ಪಂದ್ಯಾವಳಿಯ ದಿನಾಂಕಗಳು ಗೊತ್ತಾದ ಕೂಡಲೇ ದೈಹಿಕ ಶಿಕ್ಷಣ ನಿರ್ದೇಶಕರು ಆಟಗಾರರ ಪಟ್ಟಿಯನ್ನು ವಿಭಾಗಗಳಿಗೆ ಕಳುಹಿಸಿ, ತಪ್ಪುವ ಪ್ರಯೋಗಗಳಿಗೂ ಇಂಟರ್ನಲ್ ಪರೀಕ್ಷೆಗಳಿಗೂ ಬದಲಿ ದಿನಗಳನ್ನು ಬರಹದಲ್ಲಿ ಪಡೆದು, ಅದರ ಒಂದು ಪ್ರತಿಯನ್ನು ತಂಡದ ನೋಟಿಸ್ ಬೋರ್ಡಿಗೆ ಅಂಟಿಸಲಿ.