ಸಂಪಾದಕರ ಉತ್ತರ: ಇರೊಕ್ವಾಯ್ ಜನರಿಂದ ಅಮೆರಿಕ ಏನು ತಗೊಂಡಿತು, ಏನು ಬಿಟ್ಟಿತು

(ಅಮೆರಿಕದ ರಾಚೆಸ್ಟರ್‌ನಲ್ಲಿ ಮಗಳ ಮನೆಯಲ್ಲಿರುವ ನಿವೃತ್ತ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ: "ಮೊಮ್ಮಗಳಿಗೆ ಶಾಲೆಯಲ್ಲಿ ಇರೊಕ್ವಾಯ್ ಜನರ ಮೇಲೆ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಅಮೆರಿಕದ ಸಂವಿಧಾನ ಅವರ 117 ಕಲಮುಗಳ ಕಾನೂನಿನ ನಕಲು, 1988ರಲ್ಲಿ ಅಲ್ಲಿನ ಸಂಸತ್ತೇ ಅದನ್ನು ಒಪ್ಪಿಕೊಂಡಿದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಅಳಿಯ ಅದೆಲ್ಲ ಕಟ್ಟುಕಥೆ ಅಂತಾರೆ. ದಿನಾ ಊಟದ ಹೊತ್ತಿಗೆ ಇದೇ ಜಗಳ. ಯಾರು ಸರಿ ಅಂತ ನೀವು ಹೇಳಿ. ಮತ್ತೆ, ಅಷ್ಟು ಒಳ್ಳೆ ಸರ್ಕಾರ ಕಟ್ಟಿದವರು ಈಗ ಎಲ್ಲಿ ಹೋದರು?")

ನಮಸ್ಕಾರ ಮೇಡಂ,

ನೀವು ಟೀಚರ್ ಆಗಿದ್ದವರು, ಅದಕ್ಕೇ ಅಂಕದ ಲೆಕ್ಕದಲ್ಲೇ ಹೇಳುತ್ತೇನೆ. ನಿಮ್ಮ ಅಳಿಯಂದಿರಿಗೆ ಅರ್ಧ ಅಂಕ. ವಾಟ್ಸಾಪ್‌ಗೆ ಕಾಲು. ಉಳಿದ ಕಾಲು ಅಂಕ ಯಾರೂ ಕೇಳದೇ ಇರುವ ಒಂದು ಪ್ರಶ್ನೆಗೆ ಇಟ್ಟುಕೊಂಡಿದ್ದೇನೆ, ಅದು ಆಮೇಲೆ.

ಮೊದಲು ಆ ಸರ್ಕಾರ ಹೇಗಿತ್ತು ಅಂತ ನೋಡೋಣ. ಅದು ಗೊತ್ತಿಲ್ಲದೆ ನಕಲು ಹೌದೋ ಅಲ್ಲವೋ ಅಂತ ಹೇಗೆ ಹೇಳೋದು?

ಇರೊಕ್ವಾಯ್ ಅಂದರೆ ಅಮೆರಿಕದ ಮೂಲನಿವಾಸಿಗಳು. ಅದು ಹೊರಗಿನವರು ಇಟ್ಟ ಹೆಸರು, ಅವರು ತಮ್ಮನ್ನು ಕರೆದುಕೊಳ್ಳುವುದು ಹೋಡೆನೊಶೋನಿ ಅಂತ, ಅಂದರೆ ಉದ್ದಮನೆಯ ಜನ. ಈಗಿನ ನ್ಯೂಯಾರ್ಕ್ ರಾಜ್ಯದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸಾಲಾಗಿ ಐದು ರಾಷ್ಟ್ರಗಳಿದ್ದವು. ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ. ನೀವು ಈಗ ಇರೋದು ಸೆನೆಕಾ ಜನರ ನೆಲದಲ್ಲಿ. 1722ರ ಹೊತ್ತಿಗೆ ದಕ್ಷಿಣದಿಂದ ಬಂದ ಟಸ್ಕರೋರಾಗಳೂ ಸೇರಿ ಆರಾದರು. ಒಕ್ಕೂಟ ಯಾವಾಗ ಹುಟ್ಟಿತು ಅನ್ನುವುದಕ್ಕೆ ಒಮ್ಮತ ಇಲ್ಲ. ಒಂದು ಸೂರ್ಯಗ್ರಹಣದ ಲೆಕ್ಕ ಹಿಡಿದು 1142 ಅನ್ನುವವರಿದ್ದಾರೆ, 1450ರ ಆಸುಪಾಸು ಅನ್ನುವವರಿದ್ದಾರೆ, ಇನ್ನೂ ಈಚೆಗೆ ಅನ್ನುವವರೂ ಇದ್ದಾರೆ. ಯಾವುದನ್ನು ಒಪ್ಪಿದರೂ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಕೂತ 1787ಕ್ಕಿಂತ ಅದು ಬಹಳ ಹಳೆಯದು.

ಅದಕ್ಕೂ ಮುಂಚೆ ಈ ಐದೂ ರಾಷ್ಟ್ರಗಳು ಒಬ್ಬರನ್ನೊಬ್ಬರು ಕೊಲ್ಲುತ್ತಾ ಕೂತಿದ್ದವಂತೆ. ಒಂದು ಸಾವಿಗೆ ಇನ್ನೊಂದು ಸಾವು, ಅದಕ್ಕೆ ಮತ್ತೊಂದು. ಆಗ ಶಾಂತಿದೂತನೊಬ್ಬ ಬಂದ. ಅವನ ನಿಜವಾದ ಹೆಸರನ್ನು ಅವರು ಇವತ್ತಿಗೂ ಸುಮ್ನೆ ಬಾಯಿಗೆ ತರುವುದಿಲ್ಲ. ಅವನ ಮಾತನ್ನು ಮೊದಲು ಒಪ್ಪಿದ್ದು ಜಿಗೊನ್ಸಾಸೆ ಎಂಬ ಹೆಂಗಸು. ತನ್ನವರನ್ನೆಲ್ಲ ಕಳೆದುಕೊಂಡು ದುಃಖದಲ್ಲಿದ್ದ ಹಿಯಾವಥ ಅವನ ಜೊತೆಗಾರನಾದ. ಕೊನೆವರೆಗೂ ಒಪ್ಪದೆ ನಿಂತವನು ಟಡೊಡಾಹೊ. ತಲೆಗೂದಲಲ್ಲಿ ಹಾವುಗಳಿದ್ದ ಭಯಂಕರ ಆಸಾಮಿ ಅಂತ ಕಥೆ. ಅವನನ್ನು ಕೊಂದರೆ ಮತ್ತೆ ಹಳೆ ಲೆಕ್ಕವೇ ಶುರುವಾಗುತ್ತದೆ. ಹಾಗಾಗಿ ಅವನ ತಲೆಯಿಂದ ಹಾವುಗಳನ್ನು ಬಾಚಿ ತೆಗೆದರು, ಆಮೇಲೆ ಅವನನ್ನೇ ಸಭೆಯ ಅಧ್ಯಕ್ಷನನ್ನಾಗಿ ಕೂರಿಸಿದರು! ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದ ಭಾಗ ಇದು. ಟಡೊಡಾಹೊ ಅನ್ನೋದು ಈಗಲೂ ಆ ಸಭೆಯ ಮುಖ್ಯಸ್ಥನ ಪದವಿಯ ಹೆಸರು. ಬಿಳಿ ಪೈನ್ ಮರವೊಂದನ್ನು ನೆಟ್ಟು, ಅದರ ಬೇರಿನ ಕೆಳಗೆ ಆಯುಧಗಳನ್ನು ಹೂತರು ಅಂತ ಕಥೆ ಮುಂದುವರಿಯುತ್ತದೆ. ಇದೇ ಅವರ ಮಹಾ ಶಾಂತಿ ಕಾನೂನು.

ಇನ್ನು ಆಡಳಿತದ ವಿಷಯ. ಮಹಾಸಭೆಯಲ್ಲಿ 50 ಮುಖಂಡರ ಸ್ಥಾನಗಳು: ಒನೊಂಡಾಗ 14, ಕಯೂಗ 10, ಮೊಹಾಕ್ ಮತ್ತು ಒನೈಡಾ ತಲಾ 9, ಸೆನೆಕಾ 8. ಇದನ್ನು ನೋಡಿ ಒನೊಂಡಾಗದವರಿಗೇ ಜಾಸ್ತಿ ಬಲ ಅಂದುಕೊಳ್ಳಬೇಡಿ. ಅಲ್ಲಿ ಕೈ ಎತ್ತಿ ಎಣಿಸುವ ಪದ್ಧತಿಯೇ ಇಲ್ಲ. ಒಂದು ರಾಷ್ಟ್ರಕ್ಕೆ ಒಂದೇ ದನಿ. ವಿಷಯ ಮೊದಲು ಅಣ್ಣಂದಿರು ಅನ್ನಿಸಿಕೊಳ್ಳುವ ಮೊಹಾಕ್ ಮತ್ತು ಸೆನೆಕಾಗಳ ಬಳಿಗೆ ಹೋಗುತ್ತದೆ. ಅವರು ಒಂದು ಮಾತಿಗೆ ಬಂದ ಮೇಲೆ ಬೆಂಕಿಯ ಆಚೆ ಕೂತ ತಮ್ಮಂದಿರಿಗೆ, ಅಂದರೆ ಒನೈಡಾ ಮತ್ತು ಕಯೂಗಗಳಿಗೆ ದಾಟುತ್ತದೆ. ಎರಡೂ ಕಡೆ ಒಪ್ಪಿದರೆ ಬೆಂಕಿ ಕಾಯುವ ಒನೊಂಡಾಗದವರು ಅದನ್ನು ಖಾಯಂ ಮಾಡುತ್ತಾರೆ. ಅವರಿಗೆ ಒಪ್ಪಿಗೆ ಇಲ್ಲದಿದ್ದರೆ ವಾಪಸ್ ಕಳಿಸಬಹುದು, ಆದರೆ ಎರಡೂ ಕಡೆಯವರು ಮತ್ತೆ ಅದೇ ತೀರ್ಮಾನದೊಂದಿಗೆ ಬಂದರೆ ಒಪ್ಪಲೇಬೇಕು. ಕತ್ತಲಾದ ಮೇಲೆ ಸಭೆ ಮುಂದುವರಿಸುವಂತಿಲ್ಲ. ಸುಸ್ತಾದವರು ಬೇಗ ಸಿಟ್ಟಾಗುತ್ತಾರೆ ಅಲ್ವಾ, ಒಳ್ಳೆ ನಿಯಮ. ಮುಖಂಡನ ಚರ್ಮ ಏಳು ಗೇಣು ದಪ್ಪ ಇರಬೇಕು ಅಂತಲೂ ಅವರ ಕಾನೂನು ಹೇಳುತ್ತದೆ. ಯಾರು ಬೈದರೂ ಒಳಗೆ ಇಳಿಯಬಾರದು ಅಂತ. ಇದು ಸಂಪಾದಕರಿಗೂ ಅನ್ವಯಿಸಿದರೆ ಒಳ್ಳೆಯದು.

ಈಗ ವಾಟ್ಸಾಪ್‌ನ ಕಾಲು ಅಂಕ. 1744ರ ಜುಲೈ 4ರಂದು, ಹೌದು, ಸ್ವಾತಂತ್ರ್ಯ ಘೋಷಣೆಗೆ ಸರಿಯಾಗಿ 32 ವರ್ಷ ಮೊದಲು, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಒಂದು ಜಮೀನಿನ ಒಪ್ಪಂದದ ಮಾತುಕತೆ ಮುಗಿಯುತ್ತಿತ್ತು. ಒಂದು ಕಡೆ ಆರು ರಾಷ್ಟ್ರಗಳು, ಇನ್ನೊಂದು ಕಡೆ ಪೆನ್ಸಿಲ್ವೇನಿಯಾ, ಮೇರಿಲ್ಯಾಂಡ್, ವರ್ಜೀನಿಯಾ, ಮೂವರೂ ಬೇರೆ ಬೇರೆ ರಾಗ. ಒನೊಂಡಾಗದ ಕಾನಸಟೇಗೊ ಎಂಬ ಮಾತುಗಾರ ಎದ್ದು ನಿಂತು, ನಮ್ಮ ಹಿರಿಯರು ಐದು ರಾಷ್ಟ್ರಗಳ ನಡುವೆ ಒಗ್ಗಟ್ಟು ಕಟ್ಟಿದರು, ಅದರಿಂದಲೇ ನಮಗೆ ಬಲ ಬಂತು, ನೀವೂ ಹಾಗೇ ಮಾಡಿ, ನಿಮ್ಮೊಳಗೆ ಯಾವತ್ತೂ ಒಡೆಯಬೇಡಿ ಅಂದ. ಈ ಒಪ್ಪಂದದ ವರದಿಯನ್ನು ಅಚ್ಚು ಹಾಕಿದ್ದು ಮುಂದೆ ಅಮೆರಿಕವನ್ನು ಕಟ್ಟಿದ ನಾಯಕರಲ್ಲಿ ಒಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್, ಆಗ ಅವನು ಫಿಲಡೆಲ್ಫಿಯಾದಲ್ಲಿ ಮುದ್ರಣಾಲಯ ನಡೆಸುತ್ತಿದ್ದ. ಮೊಳೆ ಜೋಡಿಸಿ ಅಚ್ಚು ಹಾಕಿದ ಮಾತು ತಲೆಯಲ್ಲಿ ಉಳಿಯದೇ ಇರುತ್ತಾ?

ಉಳಿದಿತ್ತು. 1751ರಲ್ಲಿ ಜೇಮ್ಸ್ ಪಾರ್ಕರ್ ಎಂಬ ಮುದ್ರಕನಿಗೆ ಬರೆದ ಪತ್ರದಲ್ಲಿ ಫ್ರಾಂಕ್ಲಿನ್ ಈ ಮಾತು ತೆಗೆಯುತ್ತಾನೆ. ಆರು ಅನಾಗರಿಕ ರಾಷ್ಟ್ರಗಳು ಇಂಥ ಒಕ್ಕೂಟ ಕಟ್ಟಿ ತಲೆತಲಾಂತರ ಉಳಿಸಿಕೊಂಡು ಬಂದಿರುವಾಗ, ಹತ್ತು ಹನ್ನೆರಡು ಇಂಗ್ಲಿಷ್ ವಸಾಹತುಗಳಿಗೆ ಅದು ಆಗುವುದಿಲ್ಲ ಅಂದರೆ ವಿಚಿತ್ರ ಅಲ್ಲವೇ ಅನ್ನುವ ಅರ್ಥದಲ್ಲಿ. ಇದನ್ನು ಹೊಗಳಿಕೆ ಅಂತ ಎತ್ತಿ ತೋರಿಸುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಅವನು ಬಳಸಿದ ಪದ 'ಅಜ್ಞಾನಿ ಅನಾಗರಿಕರು'. "ಅವರಿಗೇ ಆಗುತ್ತೆ, ನಿಮಗೆ ಏನು ಬಂತು ಕೇಡು" ಅಂತ ತನ್ನವರನ್ನು ಚುಚ್ಚುವ ಮಾತು ಅದು. ಆದರೂ ಅವನ ಕಣ್ಣ ಮುಂದೆ ಇದ್ದ ಉದಾಹರಣೆ ಯಾವುದು ಅನ್ನುವುದರಲ್ಲಿ ಅನುಮಾನ ಬೇಡ. 1754ರಲ್ಲಿ ಆಲ್ಬನಿ ಸಮ್ಮೇಳನದಲ್ಲಿ ಅವನು ವಸಾಹತುಗಳ ಒಕ್ಕೂಟದ ಯೋಜನೆ ಮುಂದಿಟ್ಟ, ಅಲ್ಲಿಗೆ ಇರೊಕ್ವಾಯ್ ಮುಖಂಡರೂ ಬಂದಿದ್ದರು. ಆ ಯೋಜನೆಯಲ್ಲಿ 48 ಸದಸ್ಯರ ಮಹಾಸಭೆ, ರಾಜ ನೇಮಿಸುವ ಅಧ್ಯಕ್ಷ. ವಸಾಹತುಗಳೂ ತಿರಸ್ಕರಿಸಿದವು, ಲಂಡನ್ನಿನವರಿಗೂ ಬೇಕಾಗಲಿಲ್ಲ. 1775ರಲ್ಲಿ ಬ್ರಿಟಿಷರ ಮೇಲೆ ಯುದ್ಧ ಶುರುವಾದಾಗ ಅಮೆರಿಕನ್ನರ ಪ್ರತಿನಿಧಿಗಳು ಆರು ರಾಷ್ಟ್ರಗಳವರ ಹತ್ತಿರ ಹೋಗಿ, ಕಾನಸಟೇಗೊನ ಅದೇ ಮಾತನ್ನು ಓದಿ ಹೇಳಿ, ನಿಮ್ಮ ಹಿರಿಯರ ಬುದ್ಧಿವಾದದಂತೆ ನಾವು ಒಂದಾಗಿದ್ದೇವೆ ಅಂದರು. ಆ ಹೊತ್ತಿಗೆ ಅವರನ್ನು ಒಲಿಸಿಕೊಳ್ಳುವ ಗರಜು ಇತ್ತು ಅನ್ನೋದನ್ನೂ ಮರೆಯಬಾರದು.

ಅಳಿಯಂದಿರ ಅರ್ಧ ಅಂಕ ಶುರುವಾಗುವುದು ಇಲ್ಲಿಂದ. ಒಂದಾಗಿ ಅನ್ನುವ ಸಲಹೆ ಬೇರೆ, 1787ರಲ್ಲಿ ಬರೆದ ಸಂವಿಧಾನದ ಯಂತ್ರ ಬೇರೆ. ಅದನ್ನು ಸಮರ್ಥಿಸಿ, ಅದನ್ನು ಬರೆದ ಸಭೆಯಲ್ಲಿದ್ದ ಮ್ಯಾಡಿಸನ್, ಹ್ಯಾಮಿಲ್ಟನ್ ಪತ್ರಿಕೆಗಳಲ್ಲಿ ಲೇಖನಗಳನ್ನು ಬರೆದರು. ಅದರಲ್ಲಿ 18, 19, 20ನೆಯ ಲೇಖನಗಳು ಬೇರೆ ಬೇರೆ ಒಕ್ಕೂಟಗಳನ್ನು ಒಂದೊಂದಾಗಿ ಪರೀಕ್ಷೆ ಮಾಡುತ್ತವೆ. ಪ್ರಾಚೀನ ಗ್ರೀಸ್ ಇದೆ, ಜರ್ಮನಿ ಇದೆ, ಸ್ವಿಟ್ಜರ್ಲೆಂಡ್ ಇದೆ, ನೆದರ್‌ಲ್ಯಾಂಡ್ಸ್ ಇದೆ. ಪಕ್ಕದ ಮನೆಯ ಇರೊಕ್ವಾಯ್ ಇಲ್ಲ! ಎಲಿಸಬೆತ್ ಟೂಕರ್ ಎಂಬ ಮಾನವಶಾಸ್ತ್ರಜ್ಞೆ 1988ರಲ್ಲಿ ಈ ಪ್ರಭಾವದ ವಾದವನ್ನೇ ಬಲವಾಗಿ ಪ್ರಶ್ನಿಸಿದರು. ಇತ್ತ ಡೊನಾಲ್ಡ್ ಗ್ರಿಂಡೆ, ಬ್ರೂಸ್ ಜೋಹಾನ್ಸೆನ್ ಎಂಬ ಇಬ್ಬರು ವಿದ್ವಾಂಸರು ಪ್ರಭಾವ ಇದೆ ಅಂತ ವರ್ಷಗಟ್ಟಲೆ ವಾದಿಸಿದರು. ಅಣ್ಣ ತಮ್ಮಂದಿರ ಎರಡು ಪಾಳಿ ಅಂದರೆ ಸಂಸತ್ತಿನ ಎರಡು ಸದನ, ವಾಪಸ್ ಕಳಿಸುವುದು ಅಂದರೆ ವೀಟೋ ಅಂತ ಹೋಲಿಸುವವರೂ ಇದ್ದಾರೆ. ಹೋಲಿಕೆ ಇದೆ ಅಂದ ಮಾತ್ರಕ್ಕೆ ಅಲ್ಲಿಂದಲೇ ಬಂತು ಅಂತ ಆಗುವುದಿಲ್ಲ. ಇಂಗ್ಲೆಂಡಿನಲ್ಲಿ ಎರಡು ಸದನ ಆಗಲೇ ಇದ್ದವು.

117 ಕಲಮುಗಳ ಕಥೆ ಇನ್ನೂ ಸ್ವಾರಸ್ಯ. ಮಹಾ ಶಾಂತಿ ಕಾನೂನು ಬಾಯಿಂದ ಬಾಯಿಗೆ ಬಂದದ್ದು, ಕಪ್ಪೆಚಿಪ್ಪಿನ ಮಣಿಗಳಿಂದ ನೇಯ್ದ ವಾಂಪಮ್ ಪಟ್ಟಿಗಳನ್ನು ಕೈಯಲ್ಲಿ ಹಿಡಿದು ನೆನಪಿನಿಂದ ದಿನಗಟ್ಟಲೆ ಹೇಳುವಂಥದ್ದು. ಅದು 117 ಕಲಮುಗಳಾಗಿ ಅಚ್ಚಾದದ್ದು 1916ರಲ್ಲಿ. ಅಂದರೆ ಅಮೆರಿಕದ ಸಂವಿಧಾನ ಬಂದು ನೂರಿಪ್ಪತ್ತೊಂಬತ್ತು ವರ್ಷದ ಮೇಲೆ, ಸಂವಿಧಾನ ಅಂದರೆ ಹೇಗಿರುತ್ತದೆ ಅಂತ ಚೆನ್ನಾಗಿ ಗೊತ್ತಿದ್ದವರು ಅದನ್ನು ಹಾಗೆ ಜೋಡಿಸಿದರು. ಇವೆರಡನ್ನೂ ಅಕ್ಕಪಕ್ಕ ಇಟ್ಟು "ನೋಡಿ, ಎಷ್ಟು ಹೋಲುತ್ತವೆ" ಅಂದರೆ, ಯಾರು ಯಾರನ್ನು ನೋಡಿ ಬರೆದ ಹಾಗಾಯಿತು? 1988ರ ನಿರ್ಣಯವೂ ನಿಜ. ಸಂವಿಧಾನದ ಇನ್ನೂರನೇ ವರ್ಷದ ಸಂದರ್ಭದಲ್ಲಿ ಸಂಸತ್ತಿನ ಎರಡೂ ಸದನಗಳು ಇರೊಕ್ವಾಯ್ ಒಕ್ಕೂಟದ ಪ್ರಭಾವ ಇತ್ತು ಅಂತ ಒಪ್ಪಿಕೊಂಡವು. ಆದರೆ ಅಲ್ಲಿರುವುದು ಪ್ರಭಾವ ಎಂಬ ಮಾತು, ನಕಲು ಅಂತ ಎಲ್ಲೂ ಇಲ್ಲ. ಮತ್ತೆ ಸಂಸತ್ತು ಕೈ ಎತ್ತಿದ ಮಾತ್ರಕ್ಕೆ ಇತಿಹಾಸ ಸಾಬೀತಾಗುವುದಿಲ್ಲ.

ಉಳಿಸಿಕೊಂಡ ಕಾಲು ಅಂಕದ ಪ್ರಶ್ನೆ ಇದು: ಇರೊಕ್ವಾಯ್ ಪದ್ಧತಿಯಲ್ಲಿ ಜೀವಾಳವಾಗಿದ್ದ ಯಾವುದನ್ನು ಅಮೆರಿಕನ್ನರು ಮುಟ್ಟಲೇ ಇಲ್ಲ?

ಹೆಂಗಸರನ್ನು. ಆ 50 ಮುಖಂಡರೂ ಗಂಡಸರೇ, ಆದರೆ ಅವರನ್ನು ಆರಿಸುವವರು ಕುಲದ ತಾಯಂದಿರು. ಮಕ್ಕಳು ತಾಯಿಯ ಕುಲಕ್ಕೆ ಸೇರುತ್ತಾರೆ, ಮುಖಂಡನ ಪಟ್ಟ ತಾಯಿಯ ಕುಲದಲ್ಲೇ ಇರುತ್ತದೆ. ಮುಖಂಡ ದಾರಿ ತಪ್ಪಿದರೆ ಮೊದಲು ಎಚ್ಚರಿಕೆ, ಮೂರು ಸಲ ಹೇಳಿದರೂ ಕೇಳದಿದ್ದರೆ ಅವನ ಅಧಿಕಾರದ ಗುರುತಾದ ಜಿಂಕೆಯ ಕೊಂಬನ್ನು ಕಿತ್ತುಕೊಂಡು ಮನೆಗೆ ಕಳಿಸುವುದು. ಹೊಲ, ಜೋಳದ ಕಣಜ ಎಲ್ಲ ಹೆಂಗಸರ ಕೈಯಲ್ಲಿ. ಬೇಡದ ಯುದ್ಧಕ್ಕೆ ಹೊರಟವರಿಗೆ ಬುತ್ತಿ ಕಟ್ಟಿಕೊಡದೆ ತಡೆಯುವಷ್ಟು ಅಧಿಕಾರ ಅವರಿಗಿತ್ತು. ಅತ್ತ ಫಿಲಡೆಲ್ಫಿಯಾದ ಸಭೆಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ, ಅಮೆರಿಕದ ಸಂವಿಧಾನ ಹೆಂಗಸರ ಮತದಾನದ ಹಕ್ಕನ್ನು ಕಾಪಾಡಿದ್ದು 1920ರಲ್ಲಿ. ನಕಲು ಮಾಡಿದ್ದರೆ ಇಷ್ಟು ದೊಡ್ಡ ಪುಟವನ್ನು ಹಾರಿಸುತ್ತಿದ್ದರೇ?

ಈ ಪುಟವನ್ನು ಓದಿದವರು ಬೇರೆ. ನಿಮ್ಮಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ ದೂರದ ಸೆನೆಕಾ ಫಾಲ್ಸ್‌ನಲ್ಲಿ 1848ರ ಜುಲೈನಲ್ಲಿ ಅಮೆರಿಕದ ಮೊದಲ ಮಹಿಳಾ ಹಕ್ಕುಗಳ ಸಮ್ಮೇಳನ ನಡೆಯಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಲುಕ್ರೇಶಿಯಾ ಮಾಟ್ ಅದೇ ಬೇಸಿಗೆಯಲ್ಲಿ ಸೆನೆಕಾ ಜನರ ನಡುವೆ ಇದ್ದು ಬಂದಿದ್ದರು. ಮಟಿಲ್ಡಾ ಜೋಸ್ಲಿನ್ ಗೇಜ್ ಎಂಬ ಇನ್ನೊಬ್ಬ ಹೋರಾಟಗಾರ್ತಿ ಇರೊಕ್ವಾಯ್ ಹೆಂಗಸರ ಅಧಿಕಾರದ ಬಗ್ಗೆ ಬರೆದರು, 1893ರಲ್ಲಿ ಮೊಹಾಕ್‌ಗಳ ತೋಳ ಕುಲ ಅವರನ್ನು ತನ್ನವರನ್ನಾಗಿ ಮಾಡಿಕೊಂಡಿತು. ನನ್ನ ಕೇಳಿದರೆ ಇರೊಕ್ವಾಯ್ ಪ್ರಭಾವ ಹುಡುಕಬೇಕಾದ ಜಾಗ ಇದು. ಫಿಲಡೆಲ್ಫಿಯಾದ ಗಂಡಸರ ನಡುವೆ ಅದನ್ನು ಹುಡುಕುವುದರಲ್ಲೇ ನಾವು ಸಿಕ್ಕಿಕೊಂಡಿದ್ದೇವೆ.

ನಿಮ್ಮ ಕೊನೆಯ ಪ್ರಶ್ನೆ, ಅವರು ಎಲ್ಲಿ ಹೋದರು ಅಂತ. ಸ್ವಾತಂತ್ರ್ಯ ಯುದ್ಧದಲ್ಲಿ ಒಕ್ಕೂಟವೇ ಒಡೆಯಿತು. ಒನೈಡಾ, ಟಸ್ಕರೋರಾಗಳಲ್ಲಿ ಬಹಳ ಜನ ಅಮೆರಿಕನ್ನರ ಕಡೆ, ಉಳಿದವರಲ್ಲಿ ಹೆಚ್ಚಿನವರು ಬ್ರಿಟಿಷರ ಕಡೆ. 1777ರಲ್ಲಿ ಒನೊಂಡಾಗದ ಸಭೆಯ ಬೆಂಕಿ ಆರಿತು. 1779ರಲ್ಲಿ ಅಮೆರಿಕನ್ನರ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಕಳಿಸಿದ ಸೈನ್ಯ ಜನರಲ್ ಸಲಿವನ್ ಕೈಕೆಳಗೆ 40ಕ್ಕೂ ಹೆಚ್ಚು ಹಳ್ಳಿಗಳನ್ನು ಸುಟ್ಟಿತು, ಜೋಳದ ಬೆಳೆ, ಹಣ್ಣಿನ ತೋಟ ಏನೂ ಬಿಡಲಿಲ್ಲ. ಅವರ ಭಾಷೆಯಲ್ಲಿ ವಾಷಿಂಗ್ಟನ್ನನ ಹೆಸರಿಗೆ ಊರು ನಾಶ ಮಾಡುವವನು ಅಂತ ಅರ್ಥ. ಒಗ್ಗಟ್ಟಿನ ಪಾಠ ಹೇಳಿಕೊಟ್ಟದ್ದಕ್ಕೆ ಸಿಕ್ಕ ಗುರುದಕ್ಷಿಣೆ ಇದು.

ಆದರೂ ಅವರು ಎಲ್ಲೂ ಹೋಗಲಿಲ್ಲ, ಮೇಡಂ. 1923ರಲ್ಲಿ, ಕೆನಡಾದಲ್ಲಿ ನೆಲೆಸಿದ್ದ ಇವರ ಪೈಕಿ ಡೆಸ್ಕಾಹೆ ಎಂಬ ಕಯೂಗ ಮುಖಂಡ ಕೆನಡಾದ ಮೇಲೆ ದೂರು ತಗೊಂಡು ಜಿನೀವಾದ ರಾಷ್ಟ್ರಸಂಘಕ್ಕೆ ಹೋದ, ಅಲ್ಲಿ ಅವನಿಗೆ ಬಾಗಿಲು ತೆಗೆಯಲಿಲ್ಲ. ಮರುವರ್ಷ ಕೆನಡಾ ಸರ್ಕಾರ ಗ್ರ್ಯಾಂಡ್ ನದಿಯ ಬಳಿಯ ಅವರ ಸಾಂಪ್ರದಾಯಿಕ ಸಭೆಯನ್ನು ಬದಿಗೆ ಸರಿಸಿ ಚುನಾವಣೆಯ ಮಂಡಳಿ ತಂದು ಕೂರಿಸಿತು. ಪ್ರಜಾಪ್ರಭುತ್ವದ ಹೆಸರಲ್ಲೇ! ಆ ಸಾಂಪ್ರದಾಯಿಕ ಸಭೆ ಈಗಲೂ ಕೂಡುತ್ತದೆ. ಸೈರಾಕ್ಯೂಸ್ ಪಕ್ಕದ ಒನೊಂಡಾಗದಲ್ಲೂ ಕುಲದ ತಾಯಂದಿರೇ ಮುಖಂಡರನ್ನು ಆರಿಸುತ್ತಾರೆ. ಅವರದೇ ಪಾಸ್‌ಪೋರ್ಟ್ ಇದೆ. 2010ರಲ್ಲಿ ಅವರ ಲಕ್ರಾಸ್ (ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಆಟ) ತಂಡ ಅದೇ ಪಾಸ್‌ಪೋರ್ಟಿನಲ್ಲಿ ಮ್ಯಾಂಚೆಸ್ಟರ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಹೊರಟಿತ್ತು, ಬ್ರಿಟನ್ ಒಳಗೆ ಬಿಡಲಿಲ್ಲ. ಅಮೆರಿಕದ ಪಾಸ್‌ಪೋರ್ಟ್ ತಗೊಂಡು ಹೋಗಬಹುದಿತ್ತು. ಅವರು ಅದನ್ನು ಒಪ್ಪದೆ ಟೂರ್ನಿಯನ್ನೇ ಬಿಟ್ಟರು. ನಕಲು ಅನ್ನುವ ಕಥೆಯ ಮೇಲೆ ನನ್ನ ದೊಡ್ಡ ತಕರಾರೂ ಇದೇ. ಅದು ಇವರನ್ನು ಹೊಗಳಿದ ಹಾಗೆ ಮಾಡಿ ಅಮೆರಿಕದ ಚರಿತ್ರೆಯ ಮುನ್ನುಡಿಯಲ್ಲಿ ಕೂರಿಸಿ ಪುಟ ತಿರುಗಿಸಿಬಿಡುತ್ತದೆ.

ಮೊಮ್ಮಗಳ ಪ್ರಾಜೆಕ್ಟಿಗೆ ನನ್ನ ಸಲಹೆ: 1744ರ ಭಾಷಣ ಇರಲಿ, ಕುಲದ ತಾಯಂದಿರು ಇರಲಿ, 1779ನ್ನೂ ಬಿಡಬೇಡಿ. ರಾಚೆಸ್ಟರ್‌ಗೆ ಹತ್ತಿರದ ವಿಕ್ಟರ್ ಊರಿನ ಗನೊಂಡಗನ್‌ನಲ್ಲಿ ತೊಗಟೆಯ ಉದ್ದಮನೆಯೊಂದನ್ನು ಮತ್ತೆ ಕಟ್ಟಿದ್ದಾರೆ, ಮಗುವನ್ನು ಕರ್ಕೊಂಡು ಹೋಗಿ. ಚಳಿ ಶುರುವಾಗುವವರೆಗೂ ಅಲ್ಲೇ ಇದ್ದರೆ ನವೆಂಬರ್ 11ಕ್ಕೆ ಕ್ಯಾನನ್‌ಡೇಗ್ವಾಗೂ ಹೋಗಿ ಬನ್ನಿ. 1794ರಲ್ಲಿ ಅಮೆರಿಕ ಮತ್ತು ಆರು ರಾಷ್ಟ್ರಗಳ ನಡುವೆ ಅಲ್ಲಿ ಆದ ಒಪ್ಪಂದದ ನೆನಪನ್ನು ಪ್ರತಿವರ್ಷ ಆ ದಿನ ಆಚರಿಸುತ್ತಾರೆ. ವರ್ಷಕ್ಕೆ 4,500 ಡಾಲರ್ ಬೆಲೆಯ ಸಾಮಾನು ಕೊಡಬೇಕು ಅಂತ ಅದರಲ್ಲಿ ಬರೆದಿದೆ. ಅದರ ಲೆಕ್ಕದಲ್ಲಿ ಅಮೆರಿಕ ಸರ್ಕಾರ ಈಗಲೂ ಬಟ್ಟೆ ಕಳಿಸುತ್ತದೆ. ಬೆಲೆ ಏರಿ ಏರಿ ಒಬ್ಬೊಬ್ಬರ ಪಾಲಿಗೆ ಬರೋದು ತುಂಡು ಬಟ್ಟೆ ಅಷ್ಟೇ, ಆದರೂ ಅವರು ಬೇಡ ಅನ್ನುವುದಿಲ್ಲ. ಬಟ್ಟೆ ನಿಂತರೆ ಒಪ್ಪಂದ ನಿಂತಿತು ಅಂತ ಸರ್ಕಾರ ವಾದ ಮಾಡಬಹುದಲ್ಲ. ಇದನ್ನು ಅಳಿಯಂದಿರಿಗೂ ಹೇಳಿ, ಒಂದು ದಿನವಾದರೂ ಊಟದ ಹೊತ್ತಿನ ವಿಷಯ ಬದಲಾಗಲಿ.

— ಸಂ.