ಕಿಲೋಮೀಟರ್ ಬಿಡಿ, ಮಳೆ ಲೆಕ್ಕ ಹಿಡಿಯಿರಿ

ಪತ್ರ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮೂರು ತಿಂಗಳ ಹಿಂದೆ 2018ರ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕಾರನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. 63 ಸಾವಿರ ಕಿ.ಮೀ. ಓಡಿದೆ. ದಿನಾ ಪೇಟೆಗೆ ಆರು ಕಿ.ಮೀ. ಹೋಗಿ ಬರುವುದು, ತಿಂಗಳಿಗೊಮ್ಮೆ ಶಿವಮೊಗ್ಗ, ಆಗಾಗ ಆಗುಂಬೆ ಇಳಿದು ಉಡುಪಿ. ವರ್ಷಕ್ಕೆ ಒಂಬತ್ತು ಸಾವಿರ ಆದೀತು. ಸರ್ವಿಸ್ ಪುಸ್ತಕ 15 ಸಾವಿರಕ್ಕೊಮ್ಮೆ ಎನ್ನುತ್ತದೆ, ನಮ್ಮೂರ ಮೆಕ್ಯಾನಿಕ್ 5 ಸಾವಿರ ಎನ್ನುತ್ತಾರೆ. ಒಂದು ಗ್ಯಾರೇಜಿನವರು 1.18 ಲಕ್ಷದ ಎಸ್ಟಿಮೇಟ್ ಕೊಟ್ಟಿದ್ದಾರೆ, ಪ್ರತಿ ಲಗತ್ತಿಸಿದ್ದೇನೆ. ‘ಇದಕ್ಕಿಂತ ಸಕ್ರೆಬೈಲಿನ ಆನೆ ತಂದು ಕಟ್ಟಿಕೊಂಡಿದ್ದರೆ ಆಗ್ತಿತ್ತು’ ಅಂತ ಅಪ್ಪಯ್ಯ ಹಂಗಿಸುತ್ತಾರೆ. ವರ್ಷಕ್ಕೆ ಎಷ್ಟು ತೆಗೆದಿಡಬೇಕು?
– ಹೆಸರು ಬೇಡ ಎಂದವರು

ಉತ್ತರ: ಮೊದಲು ಆ ಎಸ್ಟಿಮೇಟಿನ ಕಥೆ ಮುಗಿಸೋಣ. ಮೂರನೇ ಸಾಲಿನಲ್ಲಿ ‘ಟೈಮಿಂಗ್ ಬೆಲ್ಟ್ ಕಿಟ್, 38,000’ ಎಂದಿದೆ. ನಿಮ್ಮ ಎರಡು ಲೀಟರ್ ಪೆಟ್ರೋಲ್ ಟರ್ಬೊ ಎಂಜಿನ್ನಿಗೆ ಟೈಮಿಂಗ್ ಬೆಲ್ಟೇ ಇಲ್ಲ, ಇರುವುದು ಚೈನು. ಬೆಲ್ಟ್ ಇರುವುದು ಅದೇ ಆಕ್ಟೇವಿಯಾದ ಡೀಸೆಲ್ ಎಂಜಿನ್ನಿಗೆ. ಬೇಕೆಂದೇ ಬರೆದರೋ, ಡೀಸೆಲ್ ಪಟ್ಟಿಯನ್ನೇ ನಿಮಗೂ ಅಂಟಿಸಿದರೋ, ಅದು ಅವರಿಗೇ ಗೊತ್ತು. ಏನೇ ಇರಲಿ, ಆ ಬಾಗಿಲು ಮತ್ತೆ ತುಳಿಯಬೇಡಿ.

ಇನ್ನು ಐದು ಸಾವಿರವೋ ಹದಿನೈದು ಸಾವಿರವೋ ಎಂಬ ಪಂಚಾಯಿತಿ. ಪುಸ್ತಕದಲ್ಲಿ ‘15 ಸಾವಿರ ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ಎಲ್ಲರೂ ಮೊದಲರ್ಧ ಓದಿ ಪುಸ್ತಕ ಮುಚ್ಚುತ್ತಾರೆ. ನಿಮ್ಮ ಕಾರಿನ ಮಟ್ಟಿಗೆ ಕಿಲೋಮೀಟರ್ ಅಷ್ಟು ದೊಡ್ಡ ವಿಷಯವಲ್ಲ. ಆ ದಿನನಿತ್ಯದ ಆರು ಕಿಲೋಮೀಟರೇ ವಿಷಯ.

ಟರ್ಬೊ ಎಂದರೆ ಹೊಗೆಯ ರಭಸಕ್ಕೆ ತಿರುಗುವ ಒಂದು ಪುಟ್ಟ ಗಿರಗಿಟ್ಲೆ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಅದರ ದಂಡ ನಿಂತಿರುವುದು ಎಣ್ಣೆಯ ತೆಳುವಾದ ಪದರದ ಮೇಲೆ. ಎಣ್ಣೆ ಕೆಟ್ಟರೆ ಮೊದಲು ಏಟು ಬೀಳುವುದು ಅಲ್ಲಿಗೇ. ಆರು ಕಿಲೋಮೀಟರಿನಲ್ಲಿ ಮೀಟರಿನ ಮುಳ್ಳು ತೊಂಬತ್ತಕ್ಕೆ ಬಂದು ನಿಂತರೂ ಅದು ಎಂಜಿನ್ ತಂಪಿಡುವ ದ್ರವದ, ಅಂದರೆ ಕೂಲಂಟಿನ ಬಿಸಿ. ಎಣ್ಣೆ ಇನ್ನೂ ಉಗುರುಬೆಚ್ಚಗೆ ಇರುತ್ತದೆ. ಒಳಗೆ ಸೇರಿದ ತೇವ, ಸುಡದೆ ಇಳಿದ ಪೆಟ್ರೋಲು ಆವಿಯಾಗಿ ಹೋಗುವುದೇ ಇಲ್ಲ.

ಇದು ನಾನೇ ಪಟ್ಟ ಪಾಡು. ನನ್ನ ಹಳೆಯ ಟರ್ಬೊ ಪೋಲೊದ ಆಯಿಲ್ ಮುಚ್ಚಳವನ್ನು ಒಂದು ಆಷಾಢದಲ್ಲಿ ತಿರುಗಿಸಿದರೆ ಒಳಮೈಗೆ ಬೆಣ್ಣೆ ಮೆತ್ತಿದಂತೆ, ಕಾಫಿ ಬಣ್ಣದ ನೊರೆ. ಗ್ಯಾರೇಜಿನವರೊಬ್ಬರು ‘ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು’ ಎಂದರು. ಗ್ಯಾಸ್ಕೆಟ್ ಹೋಗಿ ಕೂಲಂಟ್ ಎಣ್ಣೆಗೆ ಸೇರಿದ್ದರೆ ಅದು ಇಳಿಯಬೇಕಿತ್ತು; ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಮುಚ್ಚಳ ಒರೆಸಿ, ಎಣ್ಣೆ ಬದಲಿಸಿ, ಭಾನುವಾರ ಸಾಗರಕ್ಕೆ ಒಂದು ಸುತ್ತು ಹೋಗಿ ಬಂದೆ. ನೊರೆ ಮತ್ತೆ ಕಾಣಲಿಲ್ಲ. ಬರೀ ತಣ್ಣಗಿನ ಓಡಾಟದ ತೇವ ಅದು. ನಿಮ್ಮದನ್ನೂ ಒಮ್ಮೆ ತೆಗೆದು ನೋಡಿ. ನೊರೆಯ ಜೊತೆಗೆ ಕೂಲಂಟೂ ಇಳಿಯುತ್ತಿದ್ದರೆ ಮಾತ್ರ ಗಾಬರಿಯಾಗಿ.

ಹಾಗಾಗಿ ನನ್ನ ಲೆಕ್ಕ ಮಳೆಯದ್ದು. ವರ್ಷಕ್ಕೆ ಎರಡು ಸಲ ಎಣ್ಣೆ, ಫಿಲ್ಟರ್: ರೋಹಿಣಿ ಮಳೆ ಮುಗಿಯುವುದರೊಳಗೆ ಒಂದು, ಸ್ವಾತಿ ಕಳೆದ ಮೇಲೆ ಇನ್ನೊಂದು. ಅಡಿಕೆಗೆ ಕೊಳೆರೋಗ ಕಾಣಿಸಿಕೊಳ್ಳಲಿ, ಆಮೇಲೆ ಮೈಲುತುತ್ತ ತರೋಣ ಎಂದು ಕಾಯುವ ಬೆಳೆಗಾರರು ನೀವಲ್ಲ. ಮಳೆಗೆ ಮುಂಚೆ ಒಂದು, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಔಷಧಿ ಹೊಡೆಸಿಯೇ ತೀರುತ್ತೀರಿ. ಇದೂ ಅದೇ ಜಾತಿಯ ಕೆಲಸ. ಎಣ್ಣೆ ಐದೂವರೆ ಲೀಟರಿಗೂ ತುಸು ಹೆಚ್ಚು ಹಿಡಿಯುತ್ತದೆ. ಡಬ್ಬದ ಮೇಲೆ ಫೋಕ್ಸ್‌ವ್ಯಾಗನ್ ಕಂಪನಿಯ ಮಾನದಂಡ ‘ವಿಡಬ್ಲ್ಯೂ 502 00’ ಎಂದು ಮುದ್ರಿಸಿದೆಯೇ ನೋಡಿ. ಎಣ್ಣೆಯ ಮಂದತೆ ಹೇಳುವ 5ಡಬ್ಲ್ಯೂ-40 ಮಾತ್ರ ಇದ್ದರೆ ಸಾಲದು. ಕೂಲಿ ಸೇರಿ ಒಂದು ಸಲಕ್ಕೆ ಒಂಬತ್ತು ಸಾವಿರದ ಆಸುಪಾಸು.

ಬ್ರೇಕ್ ಎಣ್ಣೆಯ ಬಗ್ಗೆ ನೀವು ಕೇಳಲೇ ಇಲ್ಲ, ನನಗೆ ಹೆದರಿಕೆ ಇರುವುದು ಅದರದ್ದೇ. ಅದು ಗಾಳಿಯ ತೇವ ಹೀರುತ್ತದೆ, ಉಪ್ಪಿನ ಭರಣಿಯ ಹಾಗೆ. ಡಾಟ್-4 ದರ್ಜೆಯ ಹೊಸ ಬ್ರೇಕ್ ಎಣ್ಣೆ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ನಿಲ್ಲಬೇಕು. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರುವ ಮೊದಲೇ ಆ ಮಿತಿ 155ರ ಮಟ್ಟಕ್ಕೆ ಇಳಿಯುತ್ತದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಹದಿನಾಲ್ಕು ತಿರುವು. ಹನ್ನೊಂದನೆಯದರಲ್ಲಿ ಎಣ್ಣೆ ಕುದಿದು ಪೆಡಲ್ ಹತ್ತಿಯಂತೆ ಒಳಗೆ ಹೋದರೆ ನಿಮ್ಮ 230 ಪಿಎಸ್ ಯಾವ ಕೆಲಸಕ್ಕೂ ಬಾರದು. ಎರಡು ವರ್ಷಕ್ಕೊಮ್ಮೆ ಬದಲಿಸಿ, ಎರಡೂವರೆ ಸಾವಿರ. ಇಳಿಯುವಾಗ ಗೇರ್ ಲಿವರನ್ನು ಮ್ಯಾನ್ಯುಯಲ್‌ಗೆ ತಳ್ಳಿ ಎರಡನೇ ಗೇರಿನಲ್ಲೇ ಇಳಿಯಿರಿ.

ಟೈರು 225/45 ಆರ್17. ನಾಲ್ಕಕ್ಕೆ ಐವತ್ತರಿಂದ ಅರವತ್ತು ಸಾವಿರ, ನಿಮ್ಮ ಓಡಾಟಕ್ಕೆ ನಾಲ್ಕು ವರ್ಷ ಬಂದೀತು. ರಬ್ಬರಿನ ಅಂಚು ತೆಳು; ಹೊಂಡಕ್ಕೆ ಬಿದ್ದರೆ ಟೈರಿನ ಜೊತೆ ರಿಮ್ಮೂ ಹೋಗುತ್ತದೆ. ಮುಂದಿನ ಬ್ರೇಕ್ ಪ್ಯಾಡು, ಡಿಸ್ಕು, ಬ್ಯಾಟರಿ, ಗಾಳಿ ಫಿಲ್ಟರ್, ಅಲೈನ್‌ಮೆಂಟ್ ಇವುಗಳ ವಾರ್ಷಿಕ ಪಾಲೂ ಸೇರಿಸಿ ಕೂಡಿಸಿದೆ. ಪೆಟ್ರೋಲ್, ವಿಮೆ ಬಿಟ್ಟು ವರ್ಷಕ್ಕೆ ಅರವತ್ತು ಸಾವಿರ ಬಂತು. ತಿಂಗಳಿಗೆ ಐದು ಸಾವಿರ ಬೇರೆ ಖಾತೆಗೆ ಹಾಕಿ. ಇದರ ಜೊತೆ ಒಂದು ಲಕ್ಷ ಮುಟ್ಟದೆ ಇಡಿ. ಈ ಎಂಜಿನ್ನಿನ ವಾಟರ್ ಪಂಪ್, ಥರ್ಮೋಸ್ಟಾಟ್ ಕೂತಿರುವ ಪ್ಲಾಸ್ಟಿಕ್ ಗೂಡು ಸೋರುವುದು ಹೊಸ ಸುದ್ದಿಯೇನಲ್ಲ. ಆಸುಪಾಸಿನಲ್ಲಿ ಗುಲಾಬಿ ಬಣ್ಣದ ಒಣ ಕಲೆ ಕಂಡರೆ ಅದು ಸೋರಿದ ಕೂಲಂಟೇ.

ಪುಸ್ತಕದಲ್ಲಿ ಇಲ್ಲದ, ನಮ್ಮ ಸೀಮೆಯದ್ದೇ ಆದ ಎರಡು ಮಾತು. ವೈಪರ್ ಕೆಳಗಿನ ಜಾಲರಿಯಲ್ಲಿ ದರಗು, ಅಂದರೆ ಒಣ ಎಲೆ, ತುಂಬಿ ನೀರು ಹೋಗುವ ತೂತು ಕಟ್ಟಿಕೊಂಡರೆ ಮಳೆ ನೀರು ಕಾರಿನೊಳಗೇ ಇಳಿಯುತ್ತದೆ. ಹಲಸಿನ ಮರದಡಿ ನಿಲ್ಲಿಸುವವರು ವಾರಕ್ಕೊಮ್ಮೆ ಕೈ ಹಾಕಿ ಗೋರಬೇಕು. ಎರಡನೆಯದು ಇಲಿ. ಅಡಿಕೆ ದಾಸ್ತಾನಿನ ಪಕ್ಕ ಬೆಚ್ಚಗಿನ ಎಂಜಿನ್ ಇದ್ದರೆ ಅದಕ್ಕಿಂತ ಸುಖದ ಬಿಡಾರ ಇಲಿಗೆ ಬೇಕೇ? ರಾತ್ರಿ ಬಾನೆಟ್ ತೆರೆದಿಡಿ. ಕತ್ತಲೆ ಇಲ್ಲದಿದ್ದರೆ ಅವು ಗೂಡು ಕಟ್ಟಲು ಹಿಂಜರಿಯುತ್ತವೆ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಒಳಗಿನ ಚೀಟಿಯಲ್ಲಿ 95 ಎಂದಿದ್ದರೆ 95 ಆಕ್ಟೇನಿನದ್ದೇ ಹಾಕಿಸಿ. ಉಳಿಸುವ ಜಾಗ ಇದಲ್ಲ.

ಕೊನೆಯದಾಗಿ, ನಿಮ್ಮ ಕಾರು 63 ಸಾವಿರ ದಾಟಿದೆ. ಇದರ ಆರು ಗೇರಿನ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಎಣ್ಣೆಯಲ್ಲೇ ಮುಳುಗಿರುತ್ತದೆ, ಅದು ಸವೆದ ಪುಡಿಯೂ ಅದೇ ಎಣ್ಣೆಗೆ ಸೇರುತ್ತದೆ. 60 ಸಾವಿರಕ್ಕೆ ಆ ಎಣ್ಣೆ, ಫಿಲ್ಟರ್ ಬದಲಾಗಬೇಕು. ಸ್ಪಾರ್ಕ್ ಪ್ಲಗ್ಗೂ ಅಷ್ಟಕ್ಕೇ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ಬಿಲ್ ಕೇಳಿ. ‘ಮಾಡ್ಸಿದೀನಿ ಬಿಡಿ’ ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಬಿಲ್ ಸಿಗದಿದ್ದರೆ ಮಾಡಿಸಿಲ್ಲ ಎಂದೇ ತಿಳಿದು ಈ ವಾರವೇ ಗಾಡಿಯನ್ನು ಗ್ಯಾರೇಜಿಗೆ ಬಿಡಿ, ಎರಡೂ ಸೇರಿ ಇಪ್ಪತ್ತೈದು ಸಾವಿರದ ಒಳಗೆ ಮುಗಿಯಬೇಕು. ಉಡುಪಿ ಆಮೇಲೆ.