ಕೋಟ್ಯಂತರ ವರ್ಷ ಹಳೆಯ ಹೆಜ್ಜೆಗುರುತು ಉಭಯವಾಸಿಯದೇ ಎಂದು ಹೇಗೆ ಗೊತ್ತಾಗುತ್ತದೆ?

ಮೊದಲು ಬೆರಳು ಎಣಿಸುತ್ತಾರೆ. ಇಂದಿನ ಕಪ್ಪೆಗಳಂತೆ ಹಳೆಯ ಉಭಯವಾಸಿಗಳಲ್ಲೂ ಹೆಚ್ಚಿನವಕ್ಕೆ ಮುಂಗಾಲಲ್ಲಿ ನಾಲ್ಕು, ಹಿಂಗಾಲಲ್ಲಿ ಐದು ಬೆರಳು. ಸರೀಸೃಪಗಳಿಗೆ ಸಾಮಾನ್ಯವಾಗಿ ಎರಡರಲ್ಲೂ ಐದು. ಜೊತೆಗೆ ಉಭಯವಾಸಿಯ ಬೆರಳ ತುದಿ ಮೊಂಡು, ಉಗುರಿನ ಗೀರು ಇರುವುದಿಲ್ಲ. ಎಡ-ಬಲ ಹೆಜ್ಜೆಗಳ ನಡುವಿನ ಅಂತರವೂ ಹೆಚ್ಚು, ಏಕೆಂದರೆ ಕಾಲುಗಳು ಪಕ್ಕಕ್ಕೆ ಚಾಚಿಕೊಂಡಿದ್ದವು. ಹಾಗಂತ ಇದು ಖಚಿತ ಸಾಕ್ಷ್ಯವೇನಲ್ಲ. ಕೆಸರು ತೀರಾ ನೀರಾಗಿದ್ದರೆ ಐದನೇ ಬೆರಳು ಮೂಡದೆಯೂ ಹೋಗಬಹುದು. ಅದಕ್ಕೇ ವಿಜ್ಞಾನಿಗಳು ಗುರುತಿಗೇ ಬೇರೆ ಹೆಸರಿಡುತ್ತಾರೆ, ಪ್ರಾಣಿಯ ಹೆಸರನ್ನು ಅಂಟಿಸುವುದಿಲ್ಲ.

ಗುರುತು ಉಳಿಯುವುದು ಅದೃಷ್ಟದ ಮಾತು. ಹದವಾದ ಕೆಸರು ಬೇಕು, ಅದು ಒಣಗಿ ಗಟ್ಟಿಯಾಗಬೇಕು, ಮೇಲೆ ಹೊಸ ಹೂಳು ಮೆಲ್ಲಗೆ ಕೂರಬೇಕು. ಎಷ್ಟೋ ಸಲ ನಮಗೆ ಸಿಗುವುದು ಕುಳಿಯಲ್ಲ, ಅದನ್ನು ತುಂಬಿದ ಮರಳಿನ ಉಬ್ಬಚ್ಚು.

ನನಗೆ ತುಂಬ ಇಷ್ಟವಾದದ್ದು ಕೆನಡಾದ ಜಾಗಿನ್ಸ್‌ನಲ್ಲಿ ಸಿಕ್ಕ 30 ಕೋಟಿ ವರ್ಷಕ್ಕೂ ಹಳೆಯ ಜಾಡು. ಇಡೀ ಜಾಡಿನ ಉದ್ದ ಸುಮಾರು 5 ಸೆಂಟಿಮೀಟರ್! ನಡೆದ ಉಭಯವಾಸಿ ಮರಿ ಒಂದು ಸೆಂಟಿಮೀಟರ್‌ಗಿಂತಲೂ ಚಿಕ್ಕದಿತ್ತೆಂದು ಲೆಕ್ಕ ಹಾಕಿದ್ದಾರೆ. ಐರ್ಲೆಂಡಿನ ವ್ಯಾಲೆನ್ಷಿಯಾ ದ್ವೀಪದಲ್ಲಿ 1990ರ ದಶಕದ ಆರಂಭದಲ್ಲಿ ಕಂಡ ಜಾಡು ಇನ್ನೂ ಹಳೆಯದು, ಸುಮಾರು 38 ಕೋಟಿ ವರ್ಷ. ಅಲ್ಲಿ ನಡೆದದ್ದನ್ನು ಉಭಯವಾಸಿ ಅನ್ನುವುದಕ್ಕಿಂತ ಆದಿಮ ಚತುಷ್ಪಾದಿ (ಬೆನ್ನೆಲುಬುಳ್ಳ, ನಾಲ್ಕು ಕಾಲಿನ ಆರಂಭದ ಪ್ರಾಣಿ) ಅನ್ನುವುದೇ ಸರಿ.